ಹಿಂದಿನ ಚಕ್ರಕ್ಕೊಂದು ನಿಂಬೆಹಣ್ಣು

ನರಿಮೊಗರು
10 ಸೆಪ್ಟೆಂಬರ್ 2025

ಪ್ರೀತಿಯ ಪ್ರಣೀತಾ,

ಬಾಣಂತಿ ಮೊಬೈಲು ನೋಡಿದರೆ ಕಣ್ಣಿಗೆ ಆಗದೆಂದು ನಿನ್ನ ಅಮ್ಮ ದುಗ್ಗಮ್ಮತ್ತೆ ಅದನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟ ಮೇಲೆ ಗಂಡನೆಂಬ ಪ್ರಾಣಿಗೆ ಉಳಿದದ್ದು ಪೆನ್ನು, ಕಾಗದ. ಮಾವನ ಫೋನಿಗೆ ಮಾಡಿದರೆ ಅವರು, "ಹಾಂ, ಇಲ್ಲಿ ಸೌಖ್ಯ, ಅಲ್ಲಿಯೂ ಸೌಖ್ಯ ಅಲ್ವಾ, ಆಯ್ತು" ಎಂದು ನನ್ನ ಪಾಲಿನ ಮಾತನ್ನೂ ತಾವೇ ಆಡಿ ಇಟ್ಟುಬಿಡುತ್ತಾರೆ.

ಓದುವುದು ಕೂಡ ನಿನ್ನ ಕಣ್ಣಿಗೆ ಆಗದಂತೆ. ಹಾಗಾಗಿ ಈ ಪತ್ರವನ್ನು ನಿನಗೆ ಮಾವನೇ ಓದಿ ಹೇಳುತ್ತಾರೆ ಎಂಬುದು ನನಗೆ ಗೊತ್ತು. ನಮಸ್ಕಾರ ಮಾವ. ಗಂಡಸು ಹೆಂಡತಿಗೆ ಬರೆಯಬೇಕಾದ ಮಾತುಗಳನ್ನೆಲ್ಲ ನಾನು ಖಾಲಿ ಬಿಟ್ಟಿದ್ದೇನೆ. ಕನ್ನಡ ಮೇಷ್ಟ್ರ ಹೆಂಡತಿ ನೀನು, ಬಿಟ್ಟ ಸ್ಥಳ ತುಂಬಿಕೊ.

ಇನ್ನು ವಿಷಯಕ್ಕೆ. ಮಗಳಿಗೆ ಹೆಸರಿಡುವ ದಿನ ನಿಮ್ಮ ಅಂಗಳದ ಇಳಿಜಾರಿನಲ್ಲಿ ನಮ್ಮ ಕಾರು ಕಿರ್ರೆಂದು ಕಿರುಚಿತಲ್ಲ, ತೊಟ್ಟಿಲಲ್ಲಿದ್ದ ಯಶಸ್ವಿ ಬೆಚ್ಚಿ ಎದ್ದು ಅತ್ತಳಲ್ಲ, ಆಗ ಮಾವ ಮೊಮ್ಮಗಳ ಅಳು ಕೇಳಿ ಗಾಡಿಗೆ ಒಂದು ಸುತ್ತು ಬಂದು ಹೇಳಿದ ಮಾತು ನಿನಗೆ ಒಳಗೆ ಕೇಳಿಸಿರಲಿಕ್ಕಿಲ್ಲ. "ಅಳಿಯಂದಿರೆ, ಹಿಂದಿನ ಬ್ರೇಕು ಸರಿಯಾಗದೆ ಈ ಗಾಡಿಯಲ್ಲಿ ನನ್ನ ಪುಳ್ಳಿಯನ್ನು ಕಳಿಸುದಿಲ್ಲ." ನಾನು ಹುಮ್ಮಸ್ಸಿನಲ್ಲಿ, "ನಾನೇ ಕೈಯಾರೆ ಸರಿ ಮಾಡ್ತೇನೆ ಮಾವ" ಎಂದೆ. ಅವರು ನನ್ನ ಕೈಬೆರಳುಗಳನ್ನು ನೋಡಿ, "ನೀವಾ?" ಎಂದರು.

ಗ್ಯಾರೇಜಿಗೆ ಕೊಟ್ಟರೆ ಬ್ರೇಕು ಸರಿಯಾದೀತು, ಆ "ನೀವಾ?" ಸರಿಯಾಗದು. ಆದ್ದರಿಂದ ಕೆಲಸ ಮನೆಯಲ್ಲೇ. ಓದಿ ನೋಡಿ ತಿಳಿದದ್ದಿಷ್ಟು: ಹಿಂದಿನ ಚಕ್ರದೊಳಗೆ ಒಂದು ಡ್ರಮ್ಮು, ಡ್ರಮ್ಮಿನೊಳಗೆ ಎರಡು ಶೂ. ಬ್ರೇಕು ಒತ್ತಿದರೆ ಶೂಗಳು ಅಗಲವಾಗಿ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ, ಚಕ್ರ ನಿಲ್ಲುತ್ತದೆ. ಹ್ಯಾಂಡ್ ಬ್ರೇಕ್ ಎಳೆದಾಗ ಗಾಡಿಯನ್ನು ಹಿಡಿದಿಡುವುದೂ ಈ ಹಿಂದಿನ ಶೂಗಳೇ. ನಮ್ಮದರ ಶೂ ಸವೆದು ಸವೆದು ಈಗ ಹವಾಯಿ ಚಪ್ಪಲಿಯಾಗಿದೆ.

ಪತ್ರವನ್ನು ಸೀನನ ಕೈಯಲ್ಲಿ ಕಳಿಸುತ್ತಿದ್ದೇನೆ. ಪುತ್ತೂರಿನ ಬೇಕರಿಯಿಂದ ಪಂಜಕ್ಕೆ ಅವನ ಪಿಕಪ್ಪು ದಿನಾ ಬರುತ್ತದೆ.

ಸದ್ಯ ನಿಲುಗಡೆಯಿಲ್ಲದ,
ಉಲ್ಲಾಸ್


ಪಂಜ
15 ಸೆಪ್ಟೆಂಬರ್ 2025

ಅಳಿಯ ಉಲ್ಲಾಸರಿಗೆ ಆಶೀರ್ವಾದಗಳು. ಕೈ ನನ್ನದು, ಮಾತು ಪ್ರಣೀತಾಳದು. ಅವಳು ಹೇಳಿದ ಹಾಗೆ ಬರೆಯುತ್ತಿದ್ದೇನೆ.

ನಿಮ್ಮ ಪತ್ರ ಸಿಕ್ಕಿತು. ಖಾರ ಬನ್ನಿನ ಪರಿಮಳ ಬರುತ್ತಿತ್ತು. ಅಪ್ಪ ಎರಡು ಸಲ ಮೂಸಿ ನೋಡಿದರು. (ಒಂದೇ ಸಲ. – ಪದ್ಮಯ್ಯ.) ಬಿಟ್ಟ ಸ್ಥಳಗಳನ್ನು ತುಂಬಿಕೊಂಡಿದ್ದೇನೆ, ಪೂರ್ಣ ಅಂಕ ಕೊಡಬೇಕು. ಜಾಕಿಯನ್ನು ಮಾತ್ರ ನಂಬಿ ಗಾಡಿಯ ಅಡಿಗೆ ಕೈ ಹಾಕಬೇಡಿ. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಹೋಗಿ ನೀವು ಕ್ಯಾಲೆಂಡರಿನ ಬದಲು ಹೆಬ್ಬೆರಳು ತೂಗುಹಾಕಿದ್ದು ನನಗೆ ನೆನಪಿದೆ. (ಇಲ್ಲಿ ಅವಳು ನಗಾಡುತ್ತಿದ್ದಾಳೆ. ಅದನ್ನು ಹೇಗೆ ಬರೆಯುವುದು ಗೊತ್ತಿಲ್ಲ.)

ಮಗಳು ಈಗ ಫ್ಯಾನು ನೋಡಿ ನಗುತ್ತಾಳೆ. (ಫ್ಯಾನು ನೋಡಿ ಅಲ್ಲ, ನನ್ನನ್ನು ನೋಡಿ. ನಾನು ಫ್ಯಾನಿನ ಕೆಳಗೆ ನಿಂತಿದ್ದೆ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ನನ್ನ ಬೆರಳು ಹಿಡಿದರೆ ಬಿಡುವುದಿಲ್ಲ, ಒಳ್ಳೆಯ ಹಿಡಿತ. ಬಿಸಿನೀರು ಹೊಯ್ಯುವಾಗ ಅಳುವುದಿಲ್ಲ, ಮೈ ಒರೆಸುವಾಗ ಅಳುವುದು. ಆಕಳಿಸಿದರೆ ನನ್ನ ಅಮ್ಮನ ಹಾಗೆಯೇ.) ಅಪ್ಪ, ಇದು ನನ್ನ ಪತ್ರ. ("ಅಪ್ಪ, ಇದು ನನ್ನ ಪತ್ರ" ಎಂದು ಹೇಳುತ್ತಿದ್ದಾಳೆ, ಬರೆದಿದ್ದೇನೆ.)

ಇನ್ನು ನನ್ನ ಸ್ವಂತ ಮಾತು. ನಾನು ಜೀಪು ತಂದ ಕಾಲದಿಂದ ಈ ಮನೆಯಲ್ಲಿ ಒಂದು ಪರೀಕ್ಷೆ ಉಂಟು. ನಮ್ಮ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ಗಾಡಿ ನಿಲ್ಲಿಸುವುದು, ಗೇರು ತೆಗೆಯುವುದು, ಹ್ಯಾಂಡ್ ಬ್ರೇಕ್ ಎಳೆದು ಇಳಿಯುವುದು. ಹಿಂದಿನ ಚಕ್ರದ ಎದುರಿಗೆ ಒಂದು ನಿಂಬೆಹಣ್ಣು. ಎಲ್ಲರೂ ಗಾಡಿಪೂಜೆಯ ದಿನ ಒಡೆಯಲಿಕ್ಕೆ ನಿಂಬೆಹಣ್ಣು ಇಡುತ್ತಾರೆ, ನಾವು ಒಡೆಯದಿರಲಿಕ್ಕೆ ಇಡುವುದು. ಜಗಲಿಯಲ್ಲಿ ಕೂತು ಒಂದು ಎಲೆಅಡಿಕೆ ಹಾಕಿ ಮುಗಿಸುವವರೆಗೆ ಹಣ್ಣು ಹಾಗೇ ಇದ್ದರೆ ಮಗಳು, ಪುಳ್ಳಿ ನಿಮ್ಮ ಜೊತೆ ಬರುತ್ತಾರೆ. ಒಡೆದರೆ ನೀವು ಶರಬತ್ತು ಕುಡಿದು ಒಬ್ಬರೇ ಹೋಗುವುದು.

ಇತಿ,
ಪದ್ಮಯ್ಯ ಗೌಡ
(ಮತ್ತು ಪ್ರಣೀತಾ)


ನರಿಮೊಗರು
27 ಸೆಪ್ಟೆಂಬರ್ 2025

ಪ್ರೀತಿಯ ಪ್ರಣೀತಾ, (ಮಾವ, ದಯವಿಟ್ಟು ಸ್ವಲ್ಪ ಭಾವ ತುಂಬಿ ಓದಿ)

ಬಿಚ್ಚುವ ಕೆಲಸ ಮುಗಿಯಿತು. ಜಾಕಿಯ ಜೊತೆಗೆ ಸ್ಟ್ಯಾಂಡು ಕೊಟ್ಟೆ, ಮುಂದಿನ ಚಕ್ರಗಳಿಗೆ ಕೆಂಪುಕಲ್ಲು ಅಡ್ಡ ಇಟ್ಟೆ. ತುಕ್ಕು ಹಿಡಿದ ಡ್ರಮ್ಮು ಜಪ್ಪಯ್ಯ ಎಂದರೂ ಹೊರಬರಲಿಲ್ಲ. ಮರದ ಕೊಡತಿಯಿಂದ ಸುತ್ತಲೂ ಬಾರಿಸಿದೆ. ಪಕ್ಕದ ಮನೆಯ ತ್ಯಾಂಪಣ್ಣ ಬೇಲಿಯಾಚೆಯಿಂದ, "ಎಂತ ಮಾರಾಯ, ಮೇಷ್ಟ್ರು ಈ ನವರಾತ್ರಿಗೆ ಹುಲಿವೇಷ ಹಾಕುದಾ?" ಎಂದ. ನಾನು, "ಇಲ್ಲ ತ್ಯಾಂಪಣ್ಣ, ಮಾವನ ಮನೆಗೆ ಹೋಗುವ ಇಲಿವೇಷ" ಎಂದೆ.

ಒಂದು ಬದಿ ಬಿಚ್ಚುವಾಗ ಇನ್ನೊಂದು ಬದಿಯನ್ನು ಮುಟ್ಟಲಿಲ್ಲ, ಯಾವ ಸ್ಪ್ರಿಂಗು ಎಲ್ಲಿ ಎಂದು ನೋಡಿ ಬರೆಯಲಿಕ್ಕೆ ಒಂದು ಉತ್ತರಪತ್ರಿಕೆ ಬೇಕಲ್ಲ. ಆದರೂ ಒಂದು ಸ್ಪ್ರಿಂಗು ಹಾರಿ ಹಟ್ಟಿಗೆ ಹೋಯಿತು. ದನ ಅದನ್ನು ನೋಡಿತು, ನನ್ನನ್ನು ನೋಡಿತು. ಇಬ್ಬರಲ್ಲಿ ನಾನು ಮೊದಲು ಎತ್ತಿಕೊಂಡೆ.

ಹೊಸ ಡ್ರಮ್ಮು, ಶೂ ತರಲು ಪುತ್ತೂರಿನ ನಿಝಾಮನ ಬಿಡಿಭಾಗದ ಅಂಗಡಿಗೆ ಹೋದೆ. "ಶೂ ಬೇಕಿತ್ತು" ಎಂದೆ. ನಿಝಾಮ್ ನನ್ನ ಕಾಲು ನೋಡಿ, "ಸಾರ್, ನೀವು ಚಪ್ಪಲಿ ಅಂಗಡಿಗೆ ಹೋಗಿ" ಎಂದು ತಮಾಷೆ ಮಾಡಿದ. ಶಿಷ್ಯನಾಗಿದ್ದವನು, ನನ್ನಿಂದಲೇ ಕಲಿತದ್ದು, ಬೈಯುವ ಹಾಗಿಲ್ಲ.

ಆದರೆ ಜೋಡಿಸುವುದಕ್ಕೆ ಅಮ್ಮ ಬಿಡುತ್ತಿಲ್ಲ. ಆಯುಧಪೂಜೆ ಎದುರಿಗಿರುವಾಗ ಹೊಸ ಕಬ್ಬಿಣವನ್ನು ದೇವರಿಗೆ ತೋರಿಸದೆ ಗಾಡಿಗೆ ಹಾಕಬಾರದಂತೆ. ಸರಿ, ದೇವರ ಎದುರೇ ಇಡುವ ಎಂದು ನಾನು ಶೂ ತಂದರೆ, "ಶೂ ಅಂತೆ! ಚಪ್ಪಲಿ ಜಾತಿಯದ್ದನ್ನು ದೇವರ ಎದುರು ಇಡುದಾ?"

"ಅಮ್ಮ, ಇದು ಕಾಲಿಗೆ ಹಾಕುದಲ್ಲ."

"ಕಾಲಲ್ಲಿ ಒತ್ತುದು ಅಲ್ವಾ?"

"ಕೈಯಲ್ಲಿ ಎಳೆಯುದೂ ಉಂಟು. ಹ್ಯಾಂಡ್ ಬ್ರೇಕ್."

ಅಮ್ಮ ಸ್ವಲ್ಪ ಯೋಚಿಸಿ, "ಹಾಗಾದ್ರೆ ಆಗ್ಬಹುದು" ಎಂದರು.

ಹಿಂದಿನ ಸೀಟಿನಲ್ಲಿ ಮಗಳಿಗೆ ಪುಟ್ಟ ಹಾಸಿಗೆ ಹಾಸಿಟ್ಟಿದ್ದೇನೆ. ಉಳಿದದ್ದು ಬಿಟ್ಟ ಸ್ಥಳ.

ಕೈ ಕಪ್ಪಾದರೂ ಮುಖ ಕಪ್ಪಾಗದ,
ಉಲ್ಲಾಸ್


ನರಿಮೊಗರು
3 ಅಕ್ಟೋಬರ್ 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಈ ಪತ್ರ ನಿಮಗೆ ಮಾತ್ರ. ದಯವಿಟ್ಟು ಪ್ರಣೀತಾಳಿಗೆ ಓದಿ ಹೇಳಬೇಡಿ.

ಪೂಜೆಯ ಹಿಂದಿನ ದಿನ ನಾನು ಕಾಲೇಜಿನಲ್ಲಿದ್ದೆ. ಅಮ್ಮ ಮನೆಯ ಕತ್ತಿ, ಹಾರೆ, ಪಿಕ್ಕಾಸು ಎಲ್ಲವನ್ನೂ ತೊಳೆದು, ವರ್ಷವೂ ಮಾಡುವ ಹಾಗೆ ತೆಂಗಿನೆಣ್ಣೆ ಸವರಿ ಇಟ್ಟಿದ್ದಾರೆ. ಹೊಸಬರೆಂದು ಡ್ರಮ್ಮಿಗೂ ಶೂಗೂ ಇನ್ನಷ್ಟು ಧಾರಾಳವಾಗಿ. ಡ್ರಮ್ಮಿನ ಒಳಗೆ ಸವರಿದ್ದಾರೆ, ಶೂವಿನ ಮೇಲಿನ ಒರಟು ಪಟ್ಟಿ ಎಣ್ಣೆ ಕುಡಿದಷ್ಟೂ ಕುಡಿಸಿದ್ದಾರೆ. ನಾನು ಬರುವಾಗ ಅವು ಗಂಧ, ಕುಂಕುಮ, ಸೇವಂತಿಗೆಯ ಅಡಿಯಲ್ಲಿದ್ದವು. ಮರುದಿನ ಪೂಜೆಯಾಯಿತು, ನಿನ್ನೆ ಗಂಧ ಒರೆಸಿ ಜೋಡಿಸಿದೆ. ಮಿರಮಿರ ಹೊಳೆಯುತ್ತಿತ್ತು. ಹೊಸ ಸಾಮಾನಿನ ಹೊಳಪು ಎಂದುಕೊಂಡೆ.

ಅಂಗಳದ ಮೇಲಿನ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನಿಮಗೆ ತೋರಿಸಲು ಫೋಟೋ ತೆಗೆಯುವ ಎಂದು ಇಳಿದೆ. ಫೋನು ಎತ್ತುವಷ್ಟರಲ್ಲಿ ಗಾಡಿ ಹೊರಟಿತು. ಅವಸರವಿಲ್ಲದೆ, ಸಂಜೆ ತೋಟಕ್ಕೆ ಹೋಗುವವರ ಹಾಗೆ. ನಾನು ಪಕ್ಕದಲ್ಲಿ ಓಡಿದೆ, ಬಾಗಿಲು ಹಿಡಿದೆ, ಏನೂ ಪ್ರಯೋಜನವಾಗಲಿಲ್ಲ. ಬಾಳೆಗಿಡಗಳನ್ನು ಮಲಗಿಸಿ ಗೊಬ್ಬರದ ಗುಂಡಿಯಲ್ಲಿ ಮೂತಿಯಿಟ್ಟು ನಿಂತಿತು.

ತ್ಯಾಂಪಣ್ಣ ಓಡಿ ಬಂದ. ಬಾಗಿಲು ತೆರೆದಾಗ ಹಿಂದಿನ ಸೀಟಿನ ಪುಟ್ಟ ಹಾಸಿಗೆ ಜಾರಿ ಕೆಳಗೆ ಬಿದ್ದಿತ್ತು. ಮಾವ, ನಾನು ಎಲ್ಲದಕ್ಕೂ ಒಂದು ಚಾಟೂಕ್ತಿ ಹುಡುಕುವವನು. ಅಲ್ಲಿ ಏನೂ ಹೊಳೆಯಲಿಲ್ಲ. ಆ ಹಾಸಿಗೆಯನ್ನು ಎತ್ತಿ ಎದೆಗೆ ಹಿಡಿದುಕೊಂಡು ನಿಂತೆ.

ಕಾರಣ ಹೇಳಿದ್ದು ತ್ಯಾಂಪಣ್ಣನ ಮೂಗು. "ಮಾರಾಯ, ನಿಮ್ಮ ಚಕ್ರದಲ್ಲಿ ಹಪ್ಪಳ ಕಾಯಿಸಿದ ಪರಿಮಳ ಬರ್ತದಲ್ಲ?" ಅಮ್ಮ ಮೆಟ್ಟಿಲಲ್ಲಿ ನಿಂತು ಹೆಮ್ಮೆಯಿಂದ, "ನಾನೇ ಎಣ್ಣೆ ಹಾಕಿದ್ದು" ಎಂದರು. ವಿಷಯ ತಿಳಿಸಿ ಹೇಳಿದ ಮೇಲೆ ಅವರು ಗಾಡಿಯ ಹತ್ತಿರ ಬರುತ್ತಿಲ್ಲ, ನನ್ನ ಹತ್ತಿರವೂ ಸರಿಯಾಗಿ ಮಾತಾಡುತ್ತಿಲ್ಲ. ಅವರದ್ದು ತಪ್ಪಲ್ಲ. ಜೋಡಿಸಿದ್ದು ನನ್ನ ಕೈ, ಮೊದಲು ಮುಟ್ಟಿ ನೋಡಬೇಕಿತ್ತು.

ನೀವು ಅವರಿಬ್ಬರನ್ನು ನಿಮ್ಮ ಜೀಪಿನಲ್ಲೇ ಕಳಿಸುವುದಾದರೆ, ಅಥವಾ ಈಗಲೇ ಕಳಿಸುವುದಿಲ್ಲ ಎಂದರೂ, ನಾನು ಬಾಯಿ ಬಿಡುವುದಿಲ್ಲ.

ಉಲ್ಲಾಸ್


ಪಂಜ
7 ಅಕ್ಟೋಬರ್ 2025

ಅಳಿಯಂದಿರಿಗೆ,

ಮೊದಲು ಒಂದು ವಿಷಯ. ನನಗೆ ಸ್ವರ ತೆಗೆಯದೆ ಓದಿ ಅಭ್ಯಾಸ ಇಲ್ಲ. "ಈ ಪತ್ರ ನಿಮಗೆ ಮಾತ್ರ" ಎಂಬಲ್ಲಿಂದಲೇ ಇಡೀ ಮನೆಗೆ ಕೇಳಿಸಿತು. ಸಂಜೆ ತೋಟಕ್ಕೆ ಹೋದ ಹಾಗೆ ಎಂಬಲ್ಲಿ ದುಗ್ಗಮ್ಮ ನಗಾಡಿದ್ದು ನಿಲ್ಲಲೇ ಇಲ್ಲ. ಹಾಸಿಗೆಯ ವಿಷಯ ಬಂದಾಗ ಯಾರೂ ನಗಾಡಲಿಲ್ಲ.

ನೀವು ಹೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಹೇಳಿದ್ದೀರಿ. ಅದು ನನ್ನ ಮನಸ್ಸಿನಲ್ಲಿ ಉಂಟು.

ಎಣ್ಣೆ ಕುಡಿದ ಶೂ ಇನ್ನು ಆಗಲಿಕ್ಕಿಲ್ಲ. ಬಿಸಿಲಿಗಿಟ್ಟು, ಬೆಂಕಿಗೆ ಹಿಡಿದು ಸರಿ ಮಾಡುವ ಎಂದು ಹೋಗಬೇಡಿ, ಎಸೆಯಿರಿ, ಹೊಸದು ತನ್ನಿ. ಡ್ರಮ್ಮಿನ ಒಳಮೈಯನ್ನು ಪೆಟ್ರೋಲಿನಲ್ಲಿ ತೊಳೆದು, ಮರಳು ಕಾಗದದಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿದರೆ ಅದೇ ಆದೀತು. ಜೋಡಿಸುವ ದಿನ ತಲೆಗೂ ಎಣ್ಣೆ ಹಾಕಬೇಡಿ. ನಿಮ್ಮ ಅಮ್ಮ ಪಂಕಜಾಕ್ಷಿಯಮ್ಮನಿಗೆ ಏನೂ ಹೇಳಬೇಡಿ. ಇಲ್ಲಿ ದುಗ್ಗಮ್ಮ ಜೀಪಿನ ಗಾಜಿಗೆ ಬಳಿದ ಗಂಧದಲ್ಲಿ ವೈಪರು ಅಂಟಿ ಕೂತಿದೆ, ನಾನು ಏನಾದರೂ ಹೇಳಿದ್ದೇನಾ?

ಗಡಿಬಿಡಿ ಏನೂ ಇಲ್ಲ. ದೀಪಾವಳಿ ಕಳೆಯಲಿ. ಆಮೇಲೆ ಚಳಿ ಶುರುವಾಗುತ್ತದೆ, ಚಳಿಯಲ್ಲಿ ಸಣ್ಣ ಮಗುವನ್ನು ಕರಕೊಂಡು ಹೋಗುವುದು ಸರಿಯಲ್ಲ. ಬೇಸಿಗೆ ಉಂಟಲ್ಲ.

ಪದ್ಮಯ್ಯ

[ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ]

ಉಲ್ಲಾಸ್, ಇದು ನನ್ನದೇ ಕೈ. ಅಪ್ಪ ಲಕೋಟೆ ಹುಡುಕಲು ಹೋಗಿದ್ದಾರೆ. ಕಣ್ಣು ಹೋದರೆ ಹೋಗಲಿ. ನೀನು ಹಾಸಿಗೆ ಹಿಡಿದು ನಿಂತದ್ದನ್ನು ಓದಿದಾಗಿನಿಂದ ನನಗೆ ಮಗುವನ್ನು ಕೆಳಗಿಡಲು ಮನಸ್ಸಾಗುತ್ತಿಲ್ಲ. ಅಪ್ಪನೂ ಅಲ್ಲಿ ಪತ್ರವನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟರು ಮಾರಾಯ, ಮುಂದಿನದ್ದನ್ನು ಅಮ್ಮ ಓದಿದ್ದು. ಅಪ್ಪನಿಗೆ ಬ್ರೇಕಿನ ಚಿಂತೆ ನಿಜವೇ. ಆದರೆ ಅದೊಂದೇ ಅಲ್ಲ. ಮಗು ನಿದ್ದೆ ಹೋದ ಮೇಲೂ ಅವರು ತೊಟ್ಟಿಲಿನ ಹಗ್ಗ ಕೈಯಿಂದ ಬಿಡುವುದಿಲ್ಲ. ಬೇಸಿಗೆಯವರೆಗೆ ಕಾಯಬೇಡ. ಸರಿ ಮಾಡಿ ಬಾ. ನೀನೇ ಮಾಡು. – ಪ್ರ.


ನರಿಮೊಗರು
20 ಅಕ್ಟೋಬರ್ 2025

ಪೂಜ್ಯ ಮಾವ, ಪ್ರೀತಿಯ ಪ್ರಣೀತಾ, (ಓದುವುದು ಒಬ್ಬರು, ಕೇಳುವುದು ಇಡೀ ಮನೆ, ಆದ್ದರಿಂದ ಗೌರವದ ದುಗ್ಗಮ್ಮತ್ತೆ ಕೂಡ)

ಹೊಸ ಶೂ ನಿಝಾಮನಲ್ಲಿ ಮುಗಿದಿತ್ತು, ಕಡಬದಿಂದ ತಂದೆ. ಡ್ರಮ್ಮನ್ನು ಮಾವ ಹೇಳಿದ ಹಾಗೆಯೇ ತೊಳೆದೆ, ಉಜ್ಜಿದೆ, ಮುಟ್ಟಿ ನೋಡಿದೆ, ಮೂಸಿ ನೋಡಿದೆ. ಅಮ್ಮ ಎಣ್ಣೆಯ ಡಬ್ಬವನ್ನೇ ಅಟ್ಟಕ್ಕೆ ಏರಿಸಿದ್ದಾರೆ. ಇಳಿಸಲು ಒಪ್ಪುತ್ತಿಲ್ಲ. ಹಬ್ಬದ ಎಣ್ಣೆಸ್ನಾನಕ್ಕೆ ತ್ಯಾಂಪಣ್ಣನ ಮನೆಯಿಂದ ಸಾಲ ತಂದೆವು.

ಜೋಡಿಸಿ, ಅದೇ ಇಳಿಜಾರಿನಲ್ಲಿ ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತು ಗಾಡಿಯನ್ನೇ ನೋಡಿದೆ. ಅದು ಅಲುಗಲಿಲ್ಲ. ಚಹಾ ಕುಡಿದೆ. ಅಲುಗಲಿಲ್ಲ. ಅಮ್ಮ ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ನೋಡಿದೆವು. ಏನೂ ಆಗದೆ ಇರುವುದನ್ನು ಇಷ್ಟು ಹೊತ್ತು ನೋಡಿ ಇಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಇದೇ ಮೊದಲು. ಕೊನೆಗೆ ಅಮ್ಮ, "ನಿಂತಿತಲ್ಲ ಮಗ" ಎಂದರು. ಮಾತು ಶುರುವಾಯಿತು.

ಭಾನುವಾರ ಬರುತ್ತೇನೆ. ನಿಂಬೆಹಣ್ಣು ನಿಮ್ಮಲ್ಲೇ ಇರಲಿ.

ನಿಂತ ಗಾಡಿಯ ನಿಲ್ಲದ ಒಡೆಯ,
ಉಲ್ಲಾಸ್


ಪಂಜ
30 ಅಕ್ಟೋಬರ್ 2025

ಮಗಳು ಪ್ರಣೀತಾಳಿಗೆ ಅಮ್ಮನ ಆಶೀರ್ವಾದ.

ನಿನ್ನ ಮೊಬೈಲು ಅಕ್ಕಿ ಡಬ್ಬದಲ್ಲೇ ಉಳಿದಿದೆ. ಅನ್ನಕ್ಕೆ ಅಳೆಯುವಾಗ ಸೇರಿನೊಳಗೆ ಬಂತು. ಈ ಕಾಗದದ ಜೊತೆ ಸೀನನ ಕೈಯಲ್ಲಿ ಕೊಟ್ಟಿದ್ದೇನೆ.

ಭಾನುವಾರ ನೀನು ಒಳಗೆ ಮಗುವಿಗೆ ಟೊಪ್ಪಿ ಹಾಕುತ್ತಿದ್ದೆ, ಹೊರಗಿನ ಆಟ ನೀನು ನೋಡಲಿಲ್ಲ. ನಾನು ಅಡಿಗೆಮನೆಯ ಕಿಟಕಿಯಿಂದ ಎಲ್ಲ ನೋಡಿದೆ. ಅಳಿಯ ಇಳಿಜಾರಿನಲ್ಲಿ ನಿಲ್ಲಿಸಿದರು, ನಿನ್ನ ಅಪ್ಪ ನಿಂಬೆಹಣ್ಣು ಇಟ್ಟರು, ಇಬ್ಬರೂ ಜಗಲಿಯಲ್ಲಿ ಕೂತರು. ನಿನ್ನ ಅಪ್ಪ ಎಲೆಅಡಿಕೆ ಹಾಕಿದ ಚಂದ ನೋಡಬೇಕಿತ್ತು. ಎಲೆಯ ನಾರು ಒಂದೊಂದಾಗಿ ತೆಗೆದರು. ಸುಣ್ಣ ಸವರಿ ಪುನಃ ಒರೆಸಿ ಸವರಿದರು. ಅಗಿದು ಮುಗಿದ ಮೇಲೆ, "ಇದು ಎಲೆ ಎಳತ್ತು, ಲೆಕ್ಕಕ್ಕಿಲ್ಲ" ಎಂದು ಇನ್ನೊಂದು ಹಾಕಿದರು. ಹಣ್ಣು ಹಾಗೇ ಇತ್ತು.

ಆಮೇಲೆ ಎದ್ದು ಹೋಗಿ, ಹಿಂದಿನಿಂದ ಹೆಗಲು ಕೊಟ್ಟು ಗಾಡಿಯನ್ನು ದೂಡಲಿಕ್ಕೆ ಶುರು ಮಾಡಿದರು! ಗಾಡಿ ಅಲುಗಲಿಲ್ಲ. ಅಳಿಯ ಎದ್ದು ಹೋಗಿ, "ಮಾವ, ನಾನೂ ಬರ್ತೇನೆ" ಎಂದು ಅವರೂ ದೂಡಿದರು. ಇಬ್ಬರೂ ಏದುಸಿರು ಬಿಡುತ್ತಾ ದೂಡುವುದು, ದೂಡುತ್ತಾ ನಗಾಡುವುದು. ನಾನು ಕಿಟಕಿಯಿಂದ ಕೂಗಿದೆ, "ಎಂತ, ನಿಲ್ಲಿಸಿದ್ದನ್ನು ಓಡಿಸ್ಲಿಕ್ಕೆ ಇಬ್ಬರು ಬೇಕಾ?" ನಿನ್ನ ಅಪ್ಪ ಬಗ್ಗಿ ನಿಂಬೆಹಣ್ಣು ಎತ್ತಿ, ಪಂಚೆಯಲ್ಲಿ ಒರೆಸಿ, ಗಾಡಿಯೊಳಗೆ ಎದುರಿನ ಗಾಜಿನ ಹತ್ತಿರ ಇಟ್ಟರು. ಬೈರಾಸಿನಿಂದ ಮುಖ ಒರೆಸಿದರು. ಬೆವರೇ ಇರಬೇಕು ಎಂದುಕೊಂಡೆ.

ಅದಾದ ಮೇಲಿನದ್ದು ನಿನಗೆ ಗೊತ್ತುಂಟು. "ರಸ್ತೆಯವರೆಗೆ ಮಾತ್ರ, ಬ್ರೇಕು ಹೇಗುಂಟು ನೋಡಿ ಇಳಿಯುತ್ತೇನೆ" ಎಂದು ಮನೆಯ ಚಪ್ಪಲಿಯಲ್ಲೇ ಹತ್ತಿದವರು ಇನ್ನೂ ಇಳಿದಿಲ್ಲ. ಫೋನು ಮಾಡಿದರೆ, "ಹಾಂ, ಸೌಖ್ಯ, ಆಯ್ತು" ಎಂದು ಇಡುತ್ತಾರೆ. ಅವರ ಒಳ್ಳೆಯ ಚಪ್ಪಲಿ ಇಲ್ಲಿ ಬಾಗಿಲ ಹತ್ತಿರ ಕಾಯುತ್ತಾ ಉಂಟು ಎಂದು ಹೇಳು.

ನಿನ್ನ ಅಮ್ಮ,
ದುಗ್ಗಮ್ಮ


ನರಿಮೊಗರು
6 ನವೆಂಬರ್ 2025

ದುಗ್ಗಮ್ಮನಿಗೆ,

ಪ್ರಣೀತಾ ನಿನ್ನ ಕಾಗದ ಗಟ್ಟಿಯಾಗಿ ಓದಿ ಹೇಳಿದಳು. ಅದು ಬೆವರೇ.

ಬರುವಾಗ ದಾರಿಯಲ್ಲಿ ನಿಂತಿಕಲ್ಲಿನ ಹತ್ತಿರ ಒಂದು ದನ ಅಡ್ಡ ಬಂತು. ಅಳಿಯ ಬ್ರೇಕು ಒತ್ತಿದರು, ಗಾಡಿ ಸದ್ದಿಲ್ಲದೆ ನಿಂತಿತು. ಪುಳ್ಳಿಗೆ ಎಚ್ಚರವೇ ಆಗಲಿಲ್ಲ. ಅಳಿಯ, "ನಿಂತಿಕಲ್ಲಿನಲ್ಲಿ ನಿಲ್ಲದೆ ಮತ್ತೆಲ್ಲಿ ನಿಲ್ಲುದು ಮಾವ" ಎಂದರು. ನಗಾಡಿದ್ದು ಅವರೊಬ್ಬರೇ.

ಇಲ್ಲಿ ತ್ಯಾಂಪಣ್ಣ ಎಂಬವರು, ಗುಂಡಿಗೆ ಬಿದ್ದ ಮೇಲೆ ಬ್ರೇಕು ಸರಿ ಮಾಡಿದ್ದು ಯಾವ ಗ್ಯಾರೇಜಿನವರು ಎಂದು ಕೇಳಿದರು. "ನಮ್ಮ ಅಳಿಯಂದಿರು" ಎಂದೆ. "ಈ ಉಲ್ಲಾಸನಾ?" ಎಂದು ಹುಬ್ಬು ಹಾರಿಸಿದರು. ನನಗೆ ಸಿಟ್ಟು ಬಂತು. "ಮತ್ತೆ ಯಾರು?" ಎಂದು ಕೇಳಿದೆ.

ನಾನು ಬೇಗ ಬರುವವನೇ ಇದ್ದೆ. ಆದರೆ ಹೊಸ ಶೂ ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಯಾರಾದರೂ ತಿಳಿದವರು ಹತ್ತಿರ ಇರಬೇಕಾಗುತ್ತದೆ. ಆ ನಿಂಬೆಹಣ್ಣು ಗಾಡಿಯಲ್ಲೇ ಉಂಟು. ಅದು ಒಣಗಿದ ದಿನ ಹೊರಡುತ್ತೇನೆ ಎಂದು ಇವರಿಗೆಲ್ಲ ಹೇಳಿದ್ದೇನೆ. ಇನ್ನೂ ಹಸಿಯಾಗಿಯೇ ಉಂಟು, ನಾನೇನು ಮಾಡುವುದು? ಪುಳ್ಳಿಗೆ ಈಗ ಬಲಗೆನ್ನೆಯಲ್ಲೂ ಗುಳಿ ಬೀಳುತ್ತದೆ.

ಚಪ್ಪಲಿಯನ್ನು ಸೀನನ ಕೈಯಲ್ಲಿ ಕಳಿಸು.

ಪದ್ಮಯ್ಯ

[ಅಂಚಿನಲ್ಲಿ, ಬೇರೆ ಅಕ್ಷರ]

ಅತ್ತೆ, ಲಕೋಟೆ ಅಂಟಿಸುವ ಕೆಲಸ ನನ್ನದಾದ್ದರಿಂದ ಇಷ್ಟು ಬರೆಯುತ್ತಿದ್ದೇನೆ. ಮೊನ್ನೆ ಸಂಜೆ ನಾನು ನೋಡುವಾಗ ಆ ಹಣ್ಣು ಪೂರ್ತಿ ಒಣಗಿ ಕಂದಾಗಿತ್ತು. ನಿನ್ನೆ ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಹಳದಿ ಹಣ್ಣು, ತೊಟ್ಟಿನಲ್ಲಿ ಒಂದು ಎಲೆಯೂ ಉಂಟು. ಚಪ್ಪಲಿ ಕಳಿಸುವುದು ಬೇಡ, ಹಾಕಿಕೊಂಡು ನೀವೇ ಬನ್ನಿ. ಅಮ್ಮನ ನಿಂಬೆಗಿಡ ಈ ಸಲ ಜೋರು ಹಣ್ಣು ಬಿಟ್ಟಿದೆ. – ಉಲ್ಲಾಸ್